ತೇರು ತಿರುಗುವ ಮೂಲೆಯಲ್ಲಿ

ಕೇಳುಗರೇ, ನಮಸ್ಕಾರ.

ಜುಲೈ 17ರ ಬೆಳಿಗ್ಗೆ, ಜಪಾನಿನ ಕ್ಯೋಟೋ. ಶಿಜೋ, ಕವರಾಮಾಚಿ ಎಂಬ ಎರಡು ಬೀದಿಗಳು ಕೂಡುವ ಮೂಲೆಯಲ್ಲಿ ಕ್ಯಾಮೆರಾ ಹಿಡಿದು ನಿಂತಿದ್ದೆ. ಕ್ಯಾಮೆರಾ ಏನೋ ಕೈಯಲ್ಲಿತ್ತು, ಆದರೆ ಅದರಲ್ಲಿ ಏನೂ ಕಾಣುತ್ತಿರಲಿಲ್ಲ! ಸೆಖೆ ತಾಳಲಾರದೆ ಪಕ್ಕದ ಅಂಗಡಿಯ ಎ.ಸಿ.ಯಲ್ಲಿ ಅರ್ಧ ಗಂಟೆ ಕೂತು ಬಂದಿದ್ದೆ. ಹೊರಗೆ ಕಾಲಿಟ್ಟದ್ದೇ ತಡ, ಲೆನ್ಸಿನ ಮೇಲೆ ಹಬೆ ಕೂತಿತು. ಒರೆಸಿದಷ್ಟೂ ಮತ್ತೆ ಕೂರುತ್ತಿತ್ತು. ಮುಂದಿನ ಸಾಲಿನ ಜಾಗವೂ ಹೋಗಿತ್ತು.

ಅಂದು ಗಿಯೋನ್ ಮತ್ಸುರಿಯ ತೇರು. 869ರಲ್ಲಿ ರೋಗ ಹಬ್ಬಿದಾಗ, ಅದು ತೊಲಗಲಿ ಅಂತ 66 ಭರ್ಜಿ ನಿಲ್ಲಿಸಿ ಪೂಜಿಸಿದರಂತೆ. ಅಲ್ಲಿಂದ ಶುರುವಾದ ಹಬ್ಬ ಇದು. ಮೊದಲು ಬರುವ ನಗಿನಾತ ಹೊಕೊ ತೇರಿನ ತುದಿಯಲ್ಲಿ ಇವತ್ತಿಗೂ ಉದ್ದ ಹಿಡಿಯ ಕತ್ತಿಯೊಂದಿದೆ.

ದೊಡ್ಡ ತೇರು ಸುಮಾರು 25 ಮೀಟರ್ ಎತ್ತರ, ತೂಕ ಹತ್ತಿರ ಹತ್ತಿರ 12 ಟನ್. ಚೌಕಟ್ಟಿಗೆ ಮೊಳೆ ಹೊಡೆಯುವುದಿಲ್ಲ, ಹಗ್ಗದಲ್ಲೇ ಬಿಗಿಯುತ್ತಾರೆ. ಗಾಲಿ ಎಡಕ್ಕೂ ಹೊರಳುವುದಿಲ್ಲ, ಬಲಕ್ಕೂ ಹೊರಳುವುದಿಲ್ಲ. ಹಾಗಾದರೆ ಮೂಲೆಯಲ್ಲಿ ತಿರುಗಿಸುವುದು ಹೇಗೆ? ಸೀಳಿದ ಬಿದಿರನ್ನು ಗಾಲಿಯಡಿ ಹಾಸಿ, ನೀರು ಸುರಿಯುತ್ತಾರೆ. ತೇರೆಳೆಯುವ ಹಗ್ಗವನ್ನು ಪಕ್ಕಕ್ಕೆ ತಂದು ಹಿಡಿಯುತ್ತಾರೆ. ತೇರಿನ ಮುಂಭಾಗದಲ್ಲಿ ನಿಂತವರು ಬೀಸಣಿಗೆ ಬೀಸಿ ಕೂಗು ಹಾಕಿದ್ದೇ ಎಲ್ಲರೂ ಒಟ್ಟಿಗೆ ಜಗ್ಗುತ್ತಾರೆ. ಕರ್ರ್ ಅಂತ ತೇರು ಅಡ್ಡಡ್ಡ ಜಾರುತ್ತದೆ. ಒಂದೇ ಸಲಕ್ಕೆ ಆಗುವ ಕೆಲಸವಲ್ಲ. ಮತ್ತೆ ಬಿದಿರು, ಮತ್ತೆ ನೀರು.

ಆ ಹೊತ್ತಿಗೆ ಎಲ್ಲರ ಕ್ಯಾಮೆರಾ ಆಕಾಶಕ್ಕೆ. ನನಗೆ ಕಾಣುತ್ತಿದ್ದದ್ದು ಬರೀ ಬೆನ್ನುಗಳು. ಸುಮ್ನೆ ಕುಕ್ಕರುಗಾಲಲ್ಲಿ ಕೂತೆ. ಇಬ್ಬರ ಸೊಂಟದ ನಡುವೆ ಒಂದು ಸಂದಿ. ಅದರಾಚೆ ಒದ್ದೆ ಬಿದಿರು, ಹುಲ್ಲಿನ ಚಪ್ಪಲಿ ತೊಟ್ಟ ಕಾಲುಗಳು, ಬಿದಿರನ್ನು ಸರಿಯಾಗಿ ಕೂರಿಸುತ್ತಿದ್ದ ವಯಸ್ಸಾದ ಒಂದು ಕೈ. ಹಬೆ ಪೂರ್ತಿ ಹೋಗಿರಲಿಲ್ಲ, ಆದರೂ ಒತ್ತಿದೆ. ಅಷ್ಟು ದಿನದಲ್ಲಿ ನನಗೆ ಸಿಕ್ಕ ಒಳ್ಳೆಯ ಚಿತ್ರ ಅದೊಂದೇ ಅನ್ನಬಹುದು.

ಹಿಂದಿನ ರಾತ್ರಿ ಸಾಲು ಲಾಂದ್ರ, ಕೊನ್‌ಚಿಕಿಚಿನ್ ಎನ್ನುವ ಜಾಗಟೆಯ ಸದ್ದು, ಯುಕಾತಾ ಉಟ್ಟ ಜನ. ನೂರಾರು ಚಿತ್ರ ತೆಗೆದಿದ್ದೆ. ಎಲ್ಲವೂ ಕ್ಯಾಲೆಂಡರಿನ ಹಾಗೆ! ಆದರೆ ಒಂದು ಮಾತು. ಜನರ ಮುಖ ಹತ್ತಿರದಿಂದ ತೆಗೆಯುವುದಾದರೆ ಕೇಳಿಯೇ ತೆಗೆಯಬೇಕು. ಅಲ್ಲಿ ಮಾರುವ ಹೆಚ್ಚಿನ ಫೋನುಗಳಲ್ಲಿ ಫೋಟೋ ತೆಗೆದರೆ ಸದ್ದು ಬರುತ್ತದೆ, ಕದ್ದು ತೆಗೆಯುವುದು ಕಷ್ಟ. ಗಿಯೋನ್ ಕೇರಿಯ ಖಾಸಗಿ ಓಣಿಗಳಲ್ಲಂತೂ ಫೋಟೋ ತೆಗೆದರೆ 10,000 ಯೆನ್ ದಂಡ ಅಂತ ಫಲಕವೇ ಇದೆ. ಹಾಡು, ಕುಣಿತದ ಕಲಾವಿದೆಯರಾದ ಗೇಶಾಗಳನ್ನು ಅಟ್ಟಿಸಿಕೊಂಡು ಹೋಗುವವರ ಕಾಟ ಅಷ್ಟು ಜಾಸ್ತಿಯಾಗಿತ್ತು.

ಇನ್ನೊಂದು ವಿಷಯ ನಮಗೆ ಹತ್ತಿರದ್ದು. ಈ ತೇರುಗಳಿಗೆ ಹೊದಿಸುವ ಬಟ್ಟೆಗಳಲ್ಲಿ 17ನೆಯ ಶತಮಾನದ ಭಾರತದ ರತ್ನಗಂಬಳಿಗಳೂ ಇವೆ. ಹಡಗು ಹತ್ತಿ ಅಷ್ಟು ದೂರ ಹೋದವು.

ತೇರು ಕೊನೆಗೂ ತಿರುಗಿತು. ಚಪ್ಪಾಳೆ ಬಿತ್ತು. ಹುಡುಗರು ಒದ್ದೆ ಬಿದಿರನ್ನು ಬಾಚಿಕೊಂಡು ಓಡಿದರು. ರಸ್ತೆಯ ಮೇಲೆ ಗಾಲಿ ಜಾರಿದ ನೀರಿನ ಗುರುತು ಮಾತ್ರ ಉಳಿದಿತ್ತು, ಬಿಸಿಲಿಗೆ ಬೇಗ ಬೇಗ ಆರುತ್ತಿತ್ತು. ಅದನ್ನೂ ಒಂದು ತೆಗೆದೆ. ಅಷ್ಟರಲ್ಲಿ ಲೆನ್ಸ್ ತಿಳಿಯಾಗಿತ್ತು.