ಕೃತಕ ಕಾಲಿನ ಜೊತೆ ಕೈಕೆಲಸವೂ ಬರಲಿ

ಎಲ್ಲರಿಗೂ ನಮಸ್ಕಾರ. ಈ ಜಡಿಮಳೆಯಲ್ಲೂ ತೀರ್ಥಹಳ್ಳಿಯ ಸುತ್ತಮುತ್ತಲಿನಿಂದ ಇಷ್ಟು ಜನ ಬಂದಿದ್ದೀರಿ, ತುಂಬಾ ಸಂತೋಷ.

ಕೃತಕ ಕಾಲು ಅಂದ ಕೂಡಲೇ ನಮಗೆ ನೆನಪಾಗುವುದು ಶಿಬಿರ. ಶಾಮಿಯಾನ, ಸಾಲು ಕುರ್ಚಿ, ಫೋಟೊ. ಶಿಬಿರ ಬೇಡ ಅನ್ನುವವನಲ್ಲ ನಾನು. ಅದರಿಂದ ಎದ್ದು ನಡೆದವರು ಬಹಳ ಜನ ಇದ್ದಾರೆ. ಆದರೆ ಶಾಮಿಯಾನ ಬಿಚ್ಚಿದ ಮೇಲೆ ಏನಾಗುತ್ತದೆ?

ಮೊಣಕಾಲಿನ ಕೆಳಗೆ ಕಾಲು ಕಳೆದುಕೊಂಡವರನ್ನೇ ನೋಡಿ. ಕೃತಕ ಕಾಲಿನಲ್ಲಿ, ಉಳಿದ ಕಾಲಿನ ತುದಿ ಕೂರುವ ಭಾಗಕ್ಕೆ ಸಾಕೆಟ್ ಅಂತಾರೆ. ಪ್ಲಾಸ್ಟರ್ ಅಚ್ಚು ತೆಗೆದು ಒಬ್ಬೊಬ್ಬರ ಅಳತೆಗೆ ಮಾಡುತ್ತಾರೆ. ಮೊದಲ ತಿಂಗಳುಗಳಲ್ಲಿ ಊತ ಇಳಿದು ಕಾಲು ಸಣ್ಣಗಾಗುತ್ತದೆ, ಸಾಕೆಟ್ ಸಡಿಲವಾಗುತ್ತದೆ. ಒಂದು ಕಾಲುಚೀಲ ಜಾಸ್ತಿ ಹಾಕುತ್ತಾರೆ, ಆಮೇಲೆ ಇನ್ನೊಂದು. ಆದರೂ ಮೂಳೆಯ ತುದಿ ಉಜ್ಜಿ ಕೆಂಪಾಗುತ್ತದೆ, ಗುಳ್ಳೆ ಏಳುತ್ತದೆ, ಹುಣ್ಣಾಗುತ್ತದೆ. ನಮ್ಮ ಮಳೆಗಾಲದಲ್ಲಿ ಆ ಚೀಲ ಒಣಗುವುದೇ ಕಷ್ಟ. ಸಕ್ಕರೆ ಕಾಯಿಲೆ ಇದ್ದರಂತೂ ಹುಣ್ಣು ಬೇಗ ಮಾಯುವುದಿಲ್ಲ. ಕೊನೆಗೆ ಕೃತಕ ಕಾಲು ಅಟ್ಟ ಸೇರುತ್ತದೆ, ಮನುಷ್ಯ ಜಗಲಿ ಸೇರುತ್ತಾನೆ. ಸಾಕೆಟ್ಟನ್ನು ಕಾಲಿಗೆ ಮತ್ತೆ ಹೊಂದುವಂತೆ ಸರಿಮಾಡುವವರು ಹತ್ತಿರದಲ್ಲಿ ಇದ್ದಿದ್ದರೆ ಇಷ್ಟಾಗುತ್ತಿರಲಿಲ್ಲ.

ಜೈಪುರದ ಕಾಲಿನ ಹೆಸರು ನೀವೆಲ್ಲ ಕೇಳಿದ್ದೀರಿ. 1960ರ ದಶಕದ ಕೊನೆಗೆ ಡಾ. ಪಿ. ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮಾ ಸೇರಿ ಮಾಡಿದ್ದು. ಆಗ ಸಿಗುತ್ತಿದ್ದ ವಿದೇಶಿ ಮಾದರಿಯ ಪಾದಕ್ಕೆ ಬೂಟು ಬೇಕೇ ಬೇಕಿತ್ತು. ಕುಕ್ಕರಗಾಲಲ್ಲಿ ಕೂರಲು, ಚಕ್ಕಂಬಕ್ಕಳ ಹಾಕಲು, ಕೆಸರುಗದ್ದೆಗೆ ಇಳಿಯಲು ಆಗುತ್ತಿರಲಿಲ್ಲ. ಇವರು ಹಿಮ್ಮಡಿಗೂ ಪಾದದ ಮುಂಭಾಗಕ್ಕೂ ಸ್ಪಂಜಿನಂಥ ರಬ್ಬರ್, ಹರಡಿಗೆ ಮರ ಇಟ್ಟು, ಮೇಲೆ ರಬ್ಬರ್ ಸುತ್ತಿ ಅಚ್ಚಿನಲ್ಲಿ ಬೇಯಿಸಿದರು. ಬರಿಗಾಲಲ್ಲಿ ನಡೆಯುವವರಿಗೆ ಹೊಂದುವ ಪಾದ ಬಂತು. ಪೇಟೆಂಟ್ ಮಾಡಿಸಲಿಲ್ಲ. ಅದೇ ನನಗೆ ದೊಡ್ಡದಾಗಿ ಕಾಣುವುದು. ಯಾರು ಬೇಕಾದರೂ ಕಲಿಯಬಹುದಾಗಿತ್ತು, ಹಾಗಾಗಿಯೇ ಅದು ಏಷ್ಯಾ, ಆಫ್ರಿಕಾದ ಎಷ್ಟೋ ದೇಶಗಳಿಗೆ ಹೋಯಿತು.

ಅಫ್ಘಾನಿಸ್ತಾನದ ಕಾಬೂಲಿನ ಕಥೆಯೂ ಹೇಳಬೇಕು. ರೆಡ್ ಕ್ರಾಸ್ ಅಂತರರಾಷ್ಟ್ರೀಯ ಸಮಿತಿ 1988ರಲ್ಲಿ ಅಲ್ಲಿ ಕೃತಕ ಕಾಲು ಮಾಡಿಕೊಡುವ ಕೇಂದ್ರ ತೆರೆಯಿತು. ಇಟಲಿಯ ಫಿಸಿಯೋಥೆರಪಿಸ್ಟ್ ಆಲ್ಬರ್ಟೊ ಕೈರೊ ಅದನ್ನು ದಶಕಗಳ ಕಾಲ ನಡೆಸಿದರು. ಅಲ್ಲಿ ಕೆಲಸ ಮಾಡುವವರಲ್ಲಿ ಬಹುತೇಕರು ತಾವೇ ವಿಕಲಚೇತನರು. ಕಾಲು ಪಡೆದವರೇ ಕಾಲು ಮಾಡಲು ಕಲಿತರು. ಎಲ್ಲಿ ನೋಯುತ್ತದೆ ಅಂತ ಅವರಿಗೆ ಬೇರೆಯವರು ಹೇಳಿಕೊಡಬೇಕಾ?

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2022ರ ವರದಿಯಲ್ಲಿ ಒಂದು ಲೆಕ್ಕ ಕೊಟ್ಟಿವೆ. ಕನ್ನಡಕದಿಂದ ಗಾಲಿಕುರ್ಚಿಯವರೆಗೆ ಏನಾದರೊಂದು ಸಾಧನ ಬೇಕಾದವರು ಜಗತ್ತಿನಲ್ಲಿ 250 ಕೋಟಿಗೂ ಜಾಸ್ತಿ. ಶ್ರೀಮಂತ ದೇಶಗಳಲ್ಲಿ ಬೇಕಾದ ನೂರರಲ್ಲಿ 90 ಜನಕ್ಕೆ ಸಿಗುತ್ತದೆ. ಕೆಲವು ಬಡ ದೇಶಗಳಲ್ಲಿ ಬರೀ 3 ಜನಕ್ಕೆ.

ಹಾಗಾಗಿ ಯಾರೇ ಸಹಾಯ ಮಾಡಲು ಬಂದರೂ, ಹೊರದೇಶದವರಿರಲಿ, ಬೆಂಗಳೂರಿನವರಿರಲಿ, ನಾವು ಕೇಳಬೇಕಾದ್ದು ಇಷ್ಟು: ಇದನ್ನು ರಿಪೇರಿ ಮಾಡಲು ನಮ್ಮೂರಿನ ಯಾರಿಗೆ ಕಲಿಸುತ್ತೀರಿ? ತಾಲ್ಲೂಕು ಆಸ್ಪತ್ರೆಯಲ್ಲಿ ಒಂದು ಕೋಣೆ, ಒಂದು ಓವನ್, ಒಂದು ಗ್ರೈಂಡರ್, ಕಲಿತವರು ಒಬ್ಬರು ಬೇಕು. ಗ್ರಾಮ ಪಂಚಾಯಿತಿಗಳಲ್ಲಿ ವಿ.ಆರ್.ಡಬ್ಲ್ಯೂಗಳು, ಅಂದರೆ ವಿಕಲಚೇತನರಿಗಾಗಿ ಕೆಲಸ ಮಾಡುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಇದ್ದಾರೆ. ಹುಣ್ಣಿನ ಮೊದಲ ಗುರುತು ಹಿಡಿಯಲು ಅವರಿಗೆ ಕಲಿಸಬಹುದು. ಹಾವಸೆ ಹಿಡಿದ ಮೆಟ್ಟಿಲು, ಹಳ್ಳ ದಾಟುವ ಸಂಕ, ಗದ್ದೆಯ ಅಂಚು, ಇವುಗಳ ಮೇಲೆ ನಡೆಸಿ ನೋಡದೆ ಮಲೆನಾಡಿನವರಿಗೆ ಕಾಲು ಕೊಟ್ಟು ಕಳಿಸಬಾರದು.

ಇಲ್ಲಿ ಪಿಯುಸಿ ಸೈನ್ಸ್ ಓದುತ್ತಿರುವವರು ಇದ್ದೀರಿ. ಕೃತಕ ಅಂಗ ಮಾಡುವುದನ್ನೇ ಕಲಿಸುವ ಕೋರ್ಸ್‌ಗಳಿವೆ. ಬೆಂಗಳೂರಿನ ಮೊಬಿಲಿಟಿ ಇಂಡಿಯಾ ಸಂಸ್ಥೆಯಲ್ಲಿ ಬೇರೆ ದೇಶದವರೂ ಬಂದು ಕಲಿತಿದ್ದಾರೆ. ಸೇರುವ ಮನಸ್ಸಿರುವವರು ಚಹಾದ ಹೊತ್ತಿಗೆ ನನ್ನನ್ನು ಹುಡುಕಿ, ಕೂತು ಮಾತಾಡೋಣ.