ಅಡುಗೆ ಅಮ್ಮನೇ ಕಲಿಸ್ತಾಳೆ, ಕೋರ್ಸ್ ಎಂತಕ್ಕೆ?

ಕೇಳುಗರಿಗೆಲ್ಲ ನಮಸ್ಕಾರ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ಮೇಲೆ ಮಗನೋ ಮಗಳೋ "ನಾನು ಹೋಟೆಲ್ ಮ್ಯಾನೇಜ್ಮೆಂಟ್ ಓದ್ತೀನಿ" ಅಂದ್ರೆ ನಮ್ಮ ತೀರ್ಥಹಳ್ಳಿ, ಸಾಗರದ ಕಡೆ ಅಪ್ಪಂದಿರ ಮುಖ ನೋಡ್ಬೇಕು ನೀವು. ಸಪ್ಲೈಯರ್ ಆಗಕ್ಕೆ ಫೀಸ್ ಬೇರೆ ಕಟ್ಬೇಕಾ ಅಂತಾರೆ. ಫ್ಯಾಷನ್ ಅಂದ್ರೆ ಟೈಲರ್ ಅಂಗಡಿ, ಇಂಟೀರಿಯರ್ ಡಿಸೈನ್ ಅಂದ್ರೆ ಕರ್ಟನ್ ನೇತಾಕೋದು, ಅಡುಗೆ ಅಂತೂ ಅಮ್ಮನೇ ಕಲಿಸ್ತಾಳಲ್ಲ ಮಾರಾಯಾ, ಅದಕ್ಕೆ ಕೋರ್ಸ್ ಎಂತಕ್ಕೆ? ಈ ಕೊನೇ ಪ್ರಶ್ನೆ ಮಾತ್ರ ನ್ಯಾಯವಾದ್ದೇ, ಇವತ್ತು ಅದನ್ನೇ ಹಿಡ್ಕೊಂಡು ಮಾತಾಡೋಣ.

ಅಮ್ಮಂಗೆ ಅಡುಗೆ ಬರುತ್ತೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಅಮ್ಮ ಮಾಡೋದು ಮನೆಯ ಐದು ಜನಕ್ಕೆ, ಅದೂ ಕೈ ಅಳತೆ ಕಣ್ಣಳತೆ ಮೇಲೆ, ಇವತ್ತು ಉಪ್ಪು ಒಂಚೂರು ಹೆಚ್ಚಾದ್ರೆ ಯಾರೂ ದುಡ್ಡು ವಾಪಸ್ ಕೇಳಲ್ಲ. ಅದೇ ಕೆಸುವಿನೆಲೆ ಪತ್ರೊಡೆನ ಎಂಬತ್ತು ಪ್ಲೇಟ್ ಮಾಡ್ಬೇಕು, ಎಂಬತ್ತೂ ಒಂದೇ ರುಚಿ ಇರ್ಬೇಕು, ನಾಳೆ ಬೇರೆಯವ್ರು ಮಾಡಿದ್ರೂ ಹಂಗೇ ಬರ್ಬೇಕು ಅಂದಾಗ ಎಲ್ಲನೂ ಗ್ರಾಂ ಲೆಕ್ಕದಲ್ಲಿ ಬರೆದಿಡ್ಬೇಕಾಗುತ್ತೆ. ಕ್ಲಾಸಲ್ಲಿ ಮೊದಲು ಹೇಳಿಕೊಡೋದೇ ಇದು, ಸ್ಟ್ಯಾಂಡರ್ಡ್ ರೆಸಿಪಿ ಅಂತಾರೆ. ಆಮೇಲೆ ಪ್ಲೇಟ್ ಲೆಕ್ಕ. ಪತ್ರೊಡೆ ಪ್ಲೇಟಿಗೆ 40 ರೂಪಾಯಿ ಇಟ್ಟಿದೀರಿ ಅಂತಿಟ್ಕೊಳ್ಳಿ, ಅಕ್ಕಿ, ಕಾಯಿ, ಹುಣಸೆಹಣ್ಣು, ಎಣ್ಣೆ ಎಲ್ಲ ಸೇರಿ ಸಾಮಾನಿಗೇ 25 ರೂಪಾಯಿ ಹೋದ್ರೆ, ಮಿಕ್ಕ 15ರಲ್ಲಿ ಗ್ಯಾಸು, ಕರೆಂಟು, ಬಾಡಿಗೆ, ಕೆಲಸದವರ ಸಂಬಳ ಎಲ್ಲ ಬಂದ್ಬಿಡ್ಬೇಕು, ಬರಲ್ಲ. ಕೆಸುವಿನೆಲೆ ಹಿತ್ತಲಲ್ಲೇ ಸಿಗುತ್ತೆ ಪುಕ್ಕಟೆ ಅಂತೀರಿ, ಕೊಯ್ಯೋರ ಕೂಲಿ ಯಾರು ಕೊಡೋದು? ರುಚಿಯಾಗಿ ಮಾಡಿಯೂ ಬಾಗಿಲು ಹಾಕಿದ ಮೆಸ್ಸುಗಳು ಈ ಲೆಕ್ಕ ಗೊತ್ತಿಲ್ಲದೇ ಹೋದ್ವು ಅಂತ ನನ್ನ ಅನಿಸಿಕೆ.

ಇನ್ನೊಂದು ವಿಷ್ಯ ಇದೆ, ನಂಗೆ ಬಹಳ ಇಷ್ಟದ್ದು. ಕಳಲೆ, ಅಂದ್ರೆ ಎಳೇ ಬಿದಿರಿನ ಮೊಳಕೆ, ಹೆಚ್ಚಿ ಎರಡ್ಮೂರು ದಿನ ನೀರಲ್ಲಿ ಹಾಕಿ ದಿನಾ ನೀರು ಬದಲಾಯಿಸ್ತಾರೆ ನಮ್ಮಲ್ಲಿ, ಯಾಕೆ ಅಂದ್ರೆ ಅಜ್ಜಿ "ಹಂಗೇ ಮಾಡೋದು" ಅಂತಾಳೆ. ಹಸಿ ಕಳಲೆಯಲ್ಲಿ ಸೈನೈಡ್ ಬಿಡೋ ಅಂಶ ಇರುತ್ತೆ, ನೆನೆಸಿ ನೀರು ಚೆಲ್ಲಿ ಚೆನ್ನಾಗಿ ಕುದಿಸಿದ್ರೆ ಅದು ಇಳಿಯುತ್ತೆ. ಕೆಸುವಿನೆಲೆ ಗಂಟಲು ಕೆರೆಯೋದಕ್ಕೆ ಕಾರಣ ಅದರೊಳಗಿನ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು, ಅದಕ್ಕೇ ಹುಣಸೆ ಹುಳಿ ಬೇಕು, ಚೆನ್ನಾಗಿ ಬೇಯ್ಲೂಬೇಕು. ಅಜ್ಜಿ ಮಾಡಿದ್ದು ಸರಿ, ಯಾಕೆ ಸರಿ ಅಂತ ಗೊತ್ತಾದ ಹುಡುಗ ನಾಳೆ ಎಂಬತ್ತು ಜನಕ್ಕೆ ಬಡಿಸುವಾಗ ಅರ್ಜೆಂಟಲ್ಲಿ ನೆನೆಸೋ ಕೆಲಸ ಬಿಡಲ್ಲ.

ಹಾಸ್ಪಿಟಾಲಿಟಿಗೆ, ಅಂದ್ರೆ ಅತಿಥಿಗಳನ್ನ ನೋಡ್ಕೊಳ್ಳೋ ಕಸುಬಿಗೆ ಬರೋಣ. ಜೋಗ, ಆಗುಂಬೆ, ಸಕ್ರೆಬೈಲು ಅಂತ ಜನ ಬರ್ತಾನೇ ಇದಾರೆ, 2023ರಲ್ಲಿ ಶಿವಮೊಗ್ಗದ ಸೋಗಾನೆಯಲ್ಲಿ ಏರ್‌ಪೋರ್ಟೂ ಆಯ್ತು, ತೋಟದ ಮನೆ ಇದ್ದೋರೆಲ್ಲ ಹೋಂಸ್ಟೇ ಬೋರ್ಡ್ ಹಾಕಿದಾರೆ. ಊಟ ಭರ್ಜರಿ, ಹಾಸಿಗೆ ಮಾತ್ರ ಮುಗ್ಗಲು ವಾಸನೆ! ಹೋಟೆಲ್ ಲೆಕ್ಕದಲ್ಲಿ ಒಂದು ಮಂಚಕ್ಕೆ ಸಾಮಾನ್ಯವಾಗಿ ಮೂರು ಜೊತೆ ಬೆಡ್‌ಶೀಟ್ ಇಡ್ತಾರೆ, ಒಂದು ಹಾಸಿಗೆ ಮೇಲೆ, ಒಂದು ಒಗೆಯಕ್ಕೆ, ಒಂದು ಕಪಾಟಲ್ಲಿ, ಆದ್ರೆ ವರ್ಷಕ್ಕೆ 7,000 ಮಿಲಿಮೀಟರ್ ಮಳೆ ಬೀಳೋ ಆಗುಂಬೆ ಕಡೆ ಜುಲೈನಲ್ಲಿ ಒಗೆದಿದ್ದು ಯಾವಾಗ ಒಣಗುತ್ತೆ ಹೇಳಿ, ಮೂರು ಸಾಕಾಗಲ್ಲ, ಇಂಥ ತಲೆ ಓಡಿಸೋದೇ ಹೌಸ್‌ಕೀಪಿಂಗ್ ಪಾಠ. ವಿದೇಶದೋರು ಬಂದು ಉಳ್ಕೊಂಡ್ರೆ 24 ಗಂಟೆ ಒಳಗೆ ಅವರ ವಿವರದ ಫಾರಂ ಆನ್‌ಲೈನಲ್ಲಿ ತುಂಬಿ ಸರ್ಕಾರಕ್ಕೆ ಕಳಿಸ್ಬೇಕು, ಇದೂ ಫ್ರಂಟ್ ಆಫೀಸ್ ಕೆಲಸವೇ.

ಹೊಲಿಗೆ. ಕ್ರಾಸ್ ಕಟಿಂಗ್ ಬ್ಲೌಸ್ ಮೈಗೆ ಚೆನ್ನಾಗಿ ಕೂರುತ್ತೆ ಅಂತ ನಮ್ಮ ಹೆಂಗಸ್ರಿಗೆಲ್ಲ ಗೊತ್ತು, ಬಟ್ಟೆ ಜಾಸ್ತಿ ಹಿಡಿಯುತ್ತೆ ಅಂತ ಟೈಲರ್ ಹೇಳಿರ್ತಾರೆ. ಹಾಸು ಹೊಕ್ಕಿನ ಎಳೆಗಳಿಗೆ 45 ಡಿಗ್ರಿ ಓರೆಯಾಗಿ ಕತ್ತರಿಸಿದಾಗ ಬಟ್ಟೆ ಎಳೆದ್ರೆ ಹಿಗ್ಗುತ್ತೆ, ಅಷ್ಟೇ ಗುಟ್ಟು, ಇದನ್ನ ಒಂಬತ್ತನೇ ಕ್ಲಾಸಿನ ಹುಡುಗಿ ಒಂದು ತುಂಡು ಕಾಟನ್ ಹಿಡಿದು ಎಳೆದು ನೋಡಿ ಕಲೀಬಹುದು. ಶಿವಮೊಗ್ಗ ಹತ್ರದ ಮಾಚೇನಹಳ್ಳಿ ಗಾರ್ಮೆಂಟ್ಸಿಗೆ ಬೆಳಿಗ್ಗೆ ಬಸ್ಸಲ್ಲಿ ಹೋಗೋ ಹೆಣ್ಮಕ್ಕಳಲ್ಲಿ ಎಷ್ಟೋ ಜನ ದಿನಪೂರ್ತಿ ಬರೀ ಕಾಲರ್, ಇಲ್ಲಾ ಬರೀ ತೋಳು ಹೊಲೀತಾರೆ, ಪೂರ್ತಿ ಬಟ್ಟೆ ಕತ್ತರಿಸಿ ಮುಗಿಸೋದು ಗೊತ್ತಿದ್ದೋರಿಗೆ ಆ ಲೈನಿಂದ ಮೇಲೆ ಬರೋ ದಾರಿ ಸ್ವಲ್ಪ ಅಗಲ. ಸಾಗರ ಹತ್ರದ ಹೆಗ್ಗೋಡು ಕಡೆ ಹೋದ್ರೆ ಚರಕ ಸಂಸ್ಥೆ ನೋಡಿ ಬನ್ನಿ, ಅಡಿಕೆ ಬೇಯಿಸಿ ಉಳಿದ ಚೊಗರಲ್ಲಿ ಕೈಮಗ್ಗದ ಬಟ್ಟೆಗೆ ಬಣ್ಣ ಹಾಕ್ತಾರೆ. ಅದನ್ನ ನೋಡಿದ ಮೇಲೆ ಫ್ಯಾಷನ್ ಅಂದ್ರೆ ಬೆಂಗಳೂರು ಬಾಂಬೆದು ಮಾತ್ರ ಅನ್ನೋ ಭ್ರಮೆ ಇರಲ್ಲ.

ಇಂಟೀರಿಯರ್ ಡಿಸೈನ್ ಬಗ್ಗೆ ಜಾಸ್ತಿ ಹೇಳಲ್ಲ. 1:50 ಸ್ಕೇಲಲ್ಲಿ ನಾಲ್ಕು ಮೀಟರ್ ರೂಮು ಕಾಗದದ ಮೇಲೆ 8 ಸೆಂಟಿಮೀಟರ್, ಅನುಪಾತದ ಲೆಕ್ಕ ಬೋರ್ಡ್ ಮೇಲೆ ಅರ್ಥ ಆಗದ ಹುಡುಗ್ರಿಗೂ ತಮ್ಮನೆ ಜಗುಲಿ ನಡುಮನೆ ಅಳೆದು ಬರೆಯುವಾಗ ಅದು ತಾನಾಗೇ ಅರ್ಥ ಆಗುತ್ತೆ. ಮಲೆನಾಡಿನ ಥಂಡಿಗೆ ಯಾವ ಕಪಾಟು ಬೂಸ್ಟು ಹಿಡಿಯುತ್ತೆ, ಗೋಡೆಗೆ ಎಷ್ಟು ಜಾಗ ಬಿಟ್ಟು ಇಡ್ಬೇಕು ಅನ್ನೋದು ಯೂಟ್ಯೂಬಿನ ಡೆಲ್ಲಿ ವಿಡಿಯೋದಲ್ಲಿ ಸಿಗಲ್ಲ. ನಮ್ಮ ಕಡೆ ದೀವರ ಸಮುದಾಯದೋರು ಮನೆಗೋಡೆಗೆ ಬರೆಯೋ ಹಸೆ ಚಿತ್ತಾರನ ಗೋಡೆ ಮೇಲೆ ಬರೆಸ್ಕೊಳ್ಳೋ ರೆಸಾರ್ಟುಗಳು ಇವೆ, ಆ ಗೆರೆ ಗೊತ್ತಿರೋ ದೀವರ ಮನೆ ಮಕ್ಕಳಿಗೆ ಬಿಲ್ ಬರೆಯಕ್ಕೂ ಬಂದ್ರೆ ಚೆನ್ನಾಗಿತ್ತು.

ಇನ್ನು ದಾರಿ ಯಾವುದು ಅಂತ. ಶಾಲೆಯಲ್ಲಿ ಕಸುಬು ಕಲಿಸಿ ಅಂತ 1964-66ರ ಕೊಠಾರಿ ಶಿಕ್ಷಣ ಆಯೋಗವೇ ಹೇಳಿತ್ತು, ಪಿಯುಸಿಯಲ್ಲಿ ಜೆಓಸಿ ಅಂತ ಕಸುಬಿನ ಕೋರ್ಸ್ ಬಂತು, ನಿಂತೂ ಹೋಯ್ತು. ಈಗ ಕೆಲವು ಸರ್ಕಾರಿ ಹೈಸ್ಕೂಲಲ್ಲಿ ಒಂಬತ್ತು, ಹತ್ತಕ್ಕೆ ಎನ್‌ಎಸ್‌ಕ್ಯೂಎಫ್ ಅನ್ನೋ ರಾಷ್ಟ್ರೀಯ ಚೌಕಟ್ಟಿನ ಕಸುಬಿನ ವಿಷಯ ಇದೆ, ತೃತೀಯ ಭಾಷೆ ಬದಲಿಗೆ ತಗೋಬಹುದು, ಬಟ್ಟೆ ಹೊಲಿಗೆದು, ಬ್ಯೂಟಿ ಅಂಡ್ ವೆಲ್‌ನೆಸ್, ಆಟೋಮೊಬೈಲ್ ಹಿಂಗೆ. ಎಲ್ಲ ಶಾಲೇಲೂ ಇಲ್ಲ, ಇದ್ದಲ್ಲೂ ಎಲ್ಲ ವಿಷಯ ಇಲ್ಲ, ವಿಚಾರಿಸ್ಬೇಕು. ಎಸ್ಸೆಸ್ಸೆಲ್ಸಿ ಆದ್ಮೇಲೆ ಐಟಿಐ ಇದೆ, ಮೂರು ವರ್ಷದ ಡಿಪ್ಲೊಮಾ ಇದೆ. ಪಿಯುಸಿ ಆದ್ಮೇಲೆ ಫ್ಯಾಷನ್ ಕಲಿಸೋ ರಾಷ್ಟ್ರೀಯ ಸಂಸ್ಥೆ ನಿಫ್ಟ್‌ನ ಡಿಸೈನ್ ಪ್ರವೇಶ ಪರೀಕ್ಷೆ ಆರ್ಟ್ಸ್, ಕಾಮರ್ಸ್, ಸೈನ್ಸ್ ಯಾವುದು ಓದಿದೋರೂ ಬರೀಬಹುದು, ಕೇಂದ್ರ ಸರ್ಕಾರದ ಹೋಟೆಲ್ ಮ್ಯಾನೇಜ್ಮೆಂಟ್ ಕಾಲೇಜುಗಳಿಗೆ ಎನ್‌ಸಿಎಚ್‌ಎಂ ಜೆಇಇ ಅನ್ನೋ ಪ್ರವೇಶ ಪರೀಕ್ಷೆ ಇದೆ, ಪಿಯುಸಿಯಲ್ಲಿ ಇಂಗ್ಲಿಷ್ ಓದಿರ್ಬೇಕು. ಹಂಗಾಗಿ ಹತ್ತರಲ್ಲಿ ಹೊಲಿಗೆ ತಗೊಂಡ್ರೆ ಮುಂದಿನ ಓದು ಮುಗೀತು ಅನ್ನೋ ಹೆದರಿಕೆ ಬೇಡ.

ಒಂದೇ ಎಚ್ಚರಿಕೆ. ಅಡುಗೆನ ಪಿಪಿಟಿ ಹಾಕಿ ಕಲಿಸೋ ಜಾಗಗಳಿವೆ, ದುಡ್ಡು ಜಾಸ್ತಿ ತಗೊಳ್ಳೋದೂ ಅವರೇ! ಅಡ್ಮಿಷನ್ನಿಗೆ ಮುಂಚೆ ಲ್ಯಾಬ್ ತೋರಿಸಿ ಅನ್ನಿ, ಒಲೆ ಹಚ್ಚಿ ತೋರಿಸಿ ಅನ್ನಿ, ಬೇಜಾರಾದ್ರೆ ಆಗ್ಲಿ. ಹೊಲಿಗೆ ಕ್ಲಾಸಾದ್ರೆ ಎಷ್ಟು ಮಷಿನ್ ಇದೆ ಅಂತ ಎಣಿಸ್ತಾ ಕೂರ್ಬೇಡಿ, ಮುರಿದ ಸೂಜಿ ಬದಲಾಯಿಸಿದ್ದು ಕೊನೇ ಸಲ ಯಾವಾಗ ಅಂತ ಅಲ್ಲಿನ ಮಕ್ಕಳನ್ನೇ ಕೇಳಿ. ನಮಸ್ಕಾರ.