ಲ್ಯಾಪ್‌ಟಾಪ್ ಚೆನ್ನಾಗಿರುವಾಗಲೇ ಮಾಡಿಡಬೇಕಾದ ಕೆಲಸ

ಕೇಳುಗರಿಗೆ ನಮಸ್ಕಾರ.

ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಒಂದೇ ಮಾತು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಡುವೆ ಯಾರೋ ಬಾಗಿಲು ತಟ್ಟಿ ನೀವು ಎದ್ದು ಹೋದರೂ ಇದೊಂದು ಕಿವಿಗೆ ಬಿದ್ದಿರಲಿ. ನಿಮ್ಮ ಲ್ಯಾಪ್‌ಟಾಪ್ ಚೆನ್ನಾಗಿ ಓಡುತ್ತಿರುವಾಗಲೇ ಒಂದು ರಿಕವರಿ ಪೆನ್‌ಡ್ರೈವ್ ಮಾಡಿಟ್ಟುಕೊಳ್ಳಿ. ಕೆಟ್ಟ ಮೇಲೆ ಅಲ್ಲ. ಚೆನ್ನಾಗಿರುವಾಗ.

ಏನಿದು ರಿಕವರಿ? ಲ್ಯಾಪ್‌ಟಾಪ್ ಕೊಂಡಾಗ ಅದರಲ್ಲಿ ಸಾಮಾನ್ಯವಾಗಿ ವಿಂಡೋಸ್ ಆಗಲೇ ಇರುತ್ತದೆ. ಡಬ್ಬ ಬಿಚ್ಚಿ, ಗುಂಡಿ ಒತ್ತಿ, ನಿಮ್ಮ ಹೆಸರು ಬರೆದರೆ ಕೆಲಸ ಶುರು. ಎಲ್ಲಿಂದ ಬಂತು, ಯಾರು ಹಾಕಿದರು ಅಂತ ಯಾರೂ ಕೇಳುವುದಿಲ್ಲ. ಕೇಳುವುದು ಯಾವಾಗ? ಒಂದು ದಿನ ಅದು ಏಳುವುದೇ ಇಲ್ಲ, ಆವಾಗ.

ಹಿಂದೆ ಲ್ಯಾಪ್‌ಟಾಪ್ ಜೊತೆಗೆ ಸಿಡಿ ಕೊಡುತ್ತಿದ್ದರು. ಕೆಟ್ಟರೆ ಸಿಡಿ ಹಾಕಿ, ಮತ್ತೆ ಹೊಸದರ ಹಾಗೆ ಮಾಡಿಕೊಳ್ಳಬಹುದಿತ್ತು. ಆಮೇಲೆ ಕಂಪನಿಗಳು ಸಿಡಿ ಕೊಡುವುದನ್ನು ನಿಲ್ಲಿಸಿದವು. ಅದರಲ್ಲಿ ಇರಬೇಕಾದ್ದನ್ನು ಲ್ಯಾಪ್‌ಟಾಪಿನ ಡಿಸ್ಕಿನಲ್ಲೇ ಒಂದು ಮೂಲೆಯಲ್ಲಿ ಬಚ್ಚಿಟ್ಟವು. ಆ ಮೂಲೆಗೆ ರಿಕವರಿ ಪಾರ್ಟಿಷನ್ ಅಂತ ಹೆಸರು. ಸಿ ಡ್ರೈವ್, ಡಿ ಡ್ರೈವ್ ಅಂತೆಲ್ಲ ಇರುತ್ತವಲ್ಲ, ಇದಕ್ಕೆ ಅಂಥ ಅಕ್ಷರವೇ ಇರುವುದಿಲ್ಲ. ಹಾಗಾಗಿ ಕಣ್ಣಿಗೆ ಬೀಳುವುದಿಲ್ಲ. ಲ್ಯಾಪ್‌ಟಾಪ್ ಶುರುವಾಗುವಾಗ ಒಂದು ಕೀ ಒತ್ತಿದರೆ ಅದು ಎಚ್ಚರಗೊಳ್ಳುತ್ತದೆ. ಎಚ್‌ಪಿಯಲ್ಲಿ ಎಫ್ 11. ಏಸೂಸ್‌ನಲ್ಲಿ ಎಫ್ 9. ಏಸರ್‌ನಲ್ಲಿ ಆಲ್ಟ್ ಮತ್ತು ಎಫ್ 10 ಒಟ್ಟಿಗೆ. ಲೆನೊವೊದ ಎಷ್ಟೋ ಮಾದರಿಗಳಲ್ಲಿ ಪಕ್ಕದಲ್ಲಿ ಒಂದು ಸಣ್ಣ ತೂತು ಇರುತ್ತದೆ, ಪಿನ್ನಿನಿಂದ ಚುಚ್ಚಬೇಕು.

ಒಳ್ಳೆಯ ಏರ್ಪಾಡು, ಅಲ್ವಾ? ಸ್ವಲ್ಪ ಯೋಚನೆ ಮಾಡಿ. ಮನೆಯ ಎರಡನೇ ಬೀಗದ ಕೈಯನ್ನು ಮನೆಯೊಳಗೇ ಇಟ್ಟು, ಬಾಗಿಲು ಹಾಕಿಕೊಂಡು ಆಚೆ ಬಂದ ಹಾಗಿದೆ ಇದು. ಡಿಸ್ಕ್ ಚೆನ್ನಾಗಿದ್ದು ವಿಂಡೋಸ್ ಮಾತ್ರ ಹಾಳಾದರೆ ಸರಿ. ಡಿಸ್ಕೇ ಹೋದರೆ? ಬಚ್ಚಿಟ್ಟದ್ದೂ ಅದರ ಜೊತೆಗೇ ಹೋಯಿತು. ಅದಕ್ಕೇ ಹೇಳುವುದು, ಒಂದು ಪ್ರತಿ ಆಚೆ ಇರಲಿ. ಪೆನ್‌ಡ್ರೈವಿನಲ್ಲಿ.

ಈ ಮಾತನ್ನು ನಾನು ಓದಿ ಕಲಿತದ್ದಲ್ಲ. ಲ್ಯಾಪ್‌ಟಾಪ್ ರಿಪೇರಿಯೇ ನನ್ನ ಕೆಲಸ. ಹಾಗಂತ ನಾನು ಮಹಾ ಜಾಣ ಅಂದುಕೊಳ್ಳಬೇಡಿ. ನನ್ನದೇ ಕಥೆ ಹೇಳುತ್ತೇನೆ, ಕೇಳಿ.

2010ರಲ್ಲಿ ನಾನು ನನ್ನ ಮೊದಲ ಲ್ಯಾಪ್‌ಟಾಪ್ ಕೊಂಡೆ. ವಿಂಡೋಸ್ 7. ಮೊದಲನೇ ದಿನವೇ ತೆರೆಯ ಮೂಲೆಯಲ್ಲಿ ಒಂದು ಸಣ್ಣ ಚೌಕ ಬಂತು. ‘ರಿಕವರಿ ಡಿಸ್ಕ್ ಮಾಡಿಕೊಳ್ಳಿ’ ಅಂತ. ಖಾಲಿ ಡಿವಿಡಿ ನಾಲ್ಕು ಬೇಕು ಅಂದಿತು. ನಾನು ‘ಆಮೇಲೆ’ ಒತ್ತಿದೆ. ಮಾರನೆಯ ದಿನ ಮತ್ತೆ ಬಂತು. ಮತ್ತೆ ‘ಆಮೇಲೆ’. ಒಂದು ತಿಂಗಳು ಹೀಗೇ ನಡೆಯಿತು. ಕೊನೆಗೆ ಬೇಜಾರಾಗಿ ‘ಇನ್ನು ನೆನಪಿಸಬೇಡ’ ಅನ್ನುವ ಕಡೆ ಟಿಕ್ ಹಾಕಿದೆ. ಪಾಪ, ಅದು ಸುಮ್ಮನಾಯಿತು.

ಅಷ್ಟಕ್ಕೇ ನಿಲ್ಲಿಸಿದ್ದರೆ ಬದುಕುತ್ತಿದ್ದೆ. ಒಂದು ವರ್ಷದಲ್ಲಿ ಡಿಸ್ಕ್ ತುಂಬಿತು. ಎಲ್ಲಿ ಜಾಗ ಇದೆ ಅಂತ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ನೋಡಿದರೆ, ಯಾವ ಅಕ್ಷರವೂ ಇಲ್ಲದ 14 ಜಿಬಿಯ ಒಂದು ತುಂಡು ಸುಮ್ನೆ ಕೂತಿದೆ. ಯಾರದೋ ಖಾಲಿ ಸೈಟು ಕಂಡ ಹಾಗಾಯಿತು ನನಗೆ. ಅಳಿಸಿಬಿಟ್ಟೆ. ಸಿಕ್ಕಿದ ಜಾಗದಲ್ಲಿ ಹಾಡು ತುಂಬಿದೆ. ಜಂಬ ಬೇರೆ, ಎಷ್ಟು ಚೆನ್ನಾಗಿ ಜಾಗ ಹುಡುಕಿದೆ ಅಂತ.

ಇನ್ನೊಂದು ಎಂಟು ತಿಂಗಳಿಗೆ ಒಂದು ಬೆಳಿಗ್ಗೆ ವಿಂಡೋಸ್ ಏಳಲಿಲ್ಲ. ಲೋಗೊ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಪರವಾಗಿಲ್ಲ, ರಿಕವರಿ ಕೀ ಇದೆಯಲ್ಲ ಅಂತ ಒತ್ತಿದೆ. ಕಪ್ಪು ತೆರೆ. ಮತ್ತೆ ಒತ್ತಿದೆ. ಕಪ್ಪು ತೆರೆ. ಮೂರನೇ ಸಲ ಒತ್ತುವಾಗ ಆ 14 ಜಿಬಿ ನೆನಪಾಯಿತು. ಕುರ್ಚಿಯಲ್ಲಿ ಹಾಗೇ ಕೂತೆ.

ಸರಿ, ಗೆಳೆಯನ ಹತ್ತಿರ ವಿಂಡೋಸ್ 7 ಡಿವಿಡಿ ಇತ್ತು, ತಂದೆ. ಹಾಕಿದೆ. ಕೀ ಕೇಳಿತು. ಒತ್ತುವ ಕೀ ಅಲ್ಲ, ಈ ವಿಂಡೋಸ್ ದುಡ್ಡು ಕೊಟ್ಟು ಕೊಂಡ ಅಸಲಿಯದು ಅಂತ ತೋರಿಸುವ ಗುಟ್ಟಿನ ಸಂಕೇತ. ಆ ಕಾಲದಲ್ಲಿ ಕೀ ಎಲ್ಲಿರುತ್ತಿತ್ತು ಗೊತ್ತಾ? ಲ್ಯಾಪ್‌ಟಾಪಿನ ಹೊಟ್ಟೆಯ ಮೇಲೆ, ಒಂದು ಸ್ಟಿಕ್ಕರಿನಲ್ಲಿ. ಐದೈದರ ಐದು ಗುಂಪು, ಒಟ್ಟು 25 ಅಕ್ಷರ. ದಿನಾ ತೊಡೆಯ ಮೇಲೆ ಇಟ್ಟುಕೊಂಡು ಕೆಲಸ ಮಾಡಿದವನು ನಾನು. ಬಟ್ಟೆ ಉಜ್ಜಿ ಉಜ್ಜಿ, ಬಿಸಿಗೆ, ಬೆವರಿಗೆ ಆ ಸ್ಟಿಕ್ಕರ್ ಅರ್ಧ ಬೆಳ್ಳಗಾಗಿತ್ತು. ಭೂತಗನ್ನಡಿ ತಂದೆ. ಟಾರ್ಚನ್ನು ಅಡ್ಡ ಹಿಡಿದೆ. ನೆರಳಿನಲ್ಲಿ ಒಂದೊಂದೇ ಅಕ್ಷರ ಎದ್ದು ಕಾಣತೊಡಗಿತು. ಸೊನ್ನೆಯೋ ‘ಓ’ ಅಕ್ಷರವೋ ಅನ್ನುವ ಗೊಂದಲ ಆ ಕೀಗಳಲ್ಲಿ ಇಲ್ಲ, ಎರಡನ್ನೂ ಬಳಸುವುದಿಲ್ಲ. ಆದರೆ ಎಂಟೂ ಇರುತ್ತದೆ, ‘ಬಿ’ ಅಕ್ಷರವೂ ಇರುತ್ತದೆ. ಸವೆದ ಸ್ಟಿಕ್ಕರಿನಲ್ಲಿ ಇವೆರಡೂ ಅವಳಿ ಮಕ್ಕಳು. ನನ್ನ ಕೀಯಲ್ಲಿ ಅಂಥ ಅನುಮಾನದ ಜಾಗ ಮೂರು ಇದ್ದವು. ಎರಡು ಎಂಟು ಒಂದು ಬಿ, ಎರಡು ಬಿ ಒಂದು ಎಂಟು, ಹೀಗೆ ಎಂಟು ಬಗೆಯಲ್ಲೂ ಬರೆದು ನೋಡಿದೆ. ಎಲ್ಲದಕ್ಕೂ ಒಂದೇ ಉತ್ತರ, ಕೀ ಸರಿಯಿಲ್ಲ.

ಒಂದೂವರೆ ಗಂಟೆ ಆದ ಮೇಲೆ ಡಿವಿಡಿಯ ಮೇಲಿನ ಹೆಸರು ಓದಿದೆ. ‘ಅಲ್ಟಿಮೇಟ್’ ಅಂತಿತ್ತು. ನನ್ನ ಸ್ಟಿಕ್ಕರಿನ ತಲೆಯಲ್ಲಿ, ಒಂದಿಷ್ಟೂ ಸವೆಯದೆ, ದಪ್ಪಕ್ಷರದಲ್ಲಿ ‘ಹೋಮ್ ಪ್ರೀಮಿಯಂ’. ಕೀ ಸರಿಯಾಗಿಯೇ ಇತ್ತು. ಡಿವಿಡಿ ಬೇರೆಯದು. ಹೋಮ್‌ನ ಕೀ ಅಲ್ಟಿಮೇಟ್‌ನ ಬಾಗಿಲು ತೆಗೆಯುವುದಿಲ್ಲ.

ಮಾರನೆಯ ದಿನ ಸರಿಯಾದ ಡಿವಿಡಿ ಸಿಕ್ಕಿತು. ಹಾಕಿದೆ, ಮುಗಿಯಿತು ಅಂದುಕೊಂಡೆ. ತೆರೆ ನೋಡಿದರೆ ಐಕಾನುಗಳು ಅಂಗೈಯಗಲ. ಡಿಸ್‌ಪ್ಲೇ ಡ್ರೈವರ್ ಇಲ್ಲ. ಡ್ರೈವರ್ ಅಂದರೆ ತೆರೆ, ಸದ್ದು, ವೈಫೈ ಇಂಥ ಒಂದೊಂದು ಭಾಗವನ್ನೂ ವಿಂಡೋಸ್ ನಡೆಸಲು ಬೇಕಾದ ಸಣ್ಣ ಸಾಫ್ಟ್‌ವೇರ್. ಸದ್ದಿಲ್ಲ. ವೈಫೈ ಇಲ್ಲ. ವೈಫೈ ಬೇಕಾದರೆ ಡ್ರೈವರ್ ಇಳಿಸಿಕೊಳ್ಳಬೇಕು, ಡ್ರೈವರ್ ಇಳಿಸಿಕೊಳ್ಳಬೇಕಾದರೆ ವೈಫೈ ಬೇಕು. ಹುಚ್ಚು ಬಿಡದೆ ಮದುವೆ ಆಗುವುದಿಲ್ಲ, ಮದುವೆ ಆಗದೆ ಹುಚ್ಚು ಬಿಡುವುದಿಲ್ಲ ಅಂತಾರಲ್ಲ, ಹಾಗೆ. ಮತ್ತೆ ಗೆಳೆಯನ ಮನೆಗೆ, ಅವನ ಕಂಪ್ಯೂಟರಿನಲ್ಲಿ ಇಳಿಸಿಕೊಂಡು ಬರಲು. ಅಲ್ಲಿ ಹೋಗಿ ಕೂತ ಮೇಲೆ ವೆಬ್‌ಸೈಟು ಕೇಳಿತು, ನಿಮ್ಮ ಲ್ಯಾಪ್‌ಟಾಪಿನ ಮಾದರಿ ಸಂಖ್ಯೆ ಯಾವುದು? ಅದು ಇನ್ನೊಂದು ಸ್ಟಿಕ್ಕರಿನಲ್ಲಿತ್ತು. ನನ್ನ ಮನೆಯಲ್ಲಿ.

ಒಟ್ಟು ಮೂರು ದಿನ ಹೋಯಿತು. ಆ ನಾಲ್ಕು ಡಿವಿಡಿ ಮಾಡಿದ್ದರೆ ಒಂದು ಮಧ್ಯಾಹ್ನದ ಕೆಲಸ. ವಿಂಡೋಸ್, ಡ್ರೈವರ್, ಕೀ ಎಲ್ಲವೂ ಅದರೊಳಗೇ ಇರುತ್ತಿತ್ತು.

ನನಗೆ ಕೊಟ್ಟಿದ್ದ 15 ನಿಮಿಷದಲ್ಲಿ ಅರ್ಧ ಈ ಕಥೆಗೇ ಹೋಯಿತು. ಇನ್ನು ಬೇಗ ಬೇಗ ಹೇಳುತ್ತೇನೆ.

ಮೊದಲು ಒಂದು ಒಳ್ಳೆಯ ಸುದ್ದಿ. ಆ ಸ್ಟಿಕ್ಕರ್ ಪಾಡು ಈಗ ಇಲ್ಲ. 2012ರಲ್ಲಿ ವಿಂಡೋಸ್ 8 ಬಂತಲ್ಲ, ಅಲ್ಲಿಂದ ಈಚೆಗೆ ಲ್ಯಾಪ್‌ಟಾಪಿನ ಕೀಯನ್ನು ಮದರ್‌ಬೋರ್ಡಿನಲ್ಲಿರುವ ಚಿಪ್ಪಿನಲ್ಲೇ ಬರೆದಿಟ್ಟಿರುತ್ತಾರೆ. ಡಿಸ್ಕ್ ಬದಲಾಯಿಸಿದರೂ ಅದು ಹೋಗುವುದಿಲ್ಲ. ಅದೇ ಆವೃತ್ತಿಯ ವಿಂಡೋಸ್ ಹಾಕಿದರೆ, ಹೋಮ್ ಇದ್ದದ್ದಕ್ಕೆ ಹೋಮ್, ಪ್ರೊ ಇದ್ದದ್ದಕ್ಕೆ ಪ್ರೊ, ಕೀ ಕೇಳುವುದೇ ಇಲ್ಲ. ತಾನೇ ಓದಿಕೊಳ್ಳುತ್ತದೆ. ಆದರೂ ಜನ ನನ್ನ ಹತ್ತಿರ ಬಂದು, ‘ಕೀ ಕಳೆದುಹೋಗಿದೆ, ಯಾವುದಾದರೂ ಕ್ರ್ಯಾಕ್ ಹಾಕಿಕೊಡಿ’ ಅನ್ನುತ್ತಾರೆ. ನನಗೆ ಸಿಟ್ಟು ಬರುತ್ತದೆ, ಕ್ಷಮಿಸಿ. ನೀವು ದುಡ್ಡು ಕೊಟ್ಟು ಕೊಂಡ ಅಸಲಿ ವಿಂಡೋಸ್ ನಿಮ್ಮ ಕೈಯಲ್ಲೇ ಇದೆ. ಅದರ ಮೇಲೆ ಯಾರೋ ಎಲ್ಲಿಂದಲೋ ತಂದ ಕಳ್ಳ ಪ್ರತಿ ಹಾಕಿಸಿಕೊಳ್ಳುತ್ತೀರಿ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದ ಹಾಗೆ.

ಈಗ ಪೆನ್‌ಡ್ರೈವ್ ವಿಷಯ. 32 ಜಿಬಿಯದು ಒಂದು ತೆಗೆದುಕೊಳ್ಳಿ. ಅದರಲ್ಲಿ ಇರುವುದೆಲ್ಲ ಅಳಿಸಿಹೋಗುತ್ತದೆ, ಹಾಗಾಗಿ ಖಾಲಿಯದೇ ಇರಲಿ. ಸ್ಟಾರ್ಟ್ ಮೆನುವಿನಲ್ಲಿ ‘ರಿಕವರಿ ಡ್ರೈವ್’ ಅಂತ ಹುಡುಕಿ. ತೆರೆದುಕೊಳ್ಳುತ್ತದೆ. ಸಿಸ್ಟಂ ಫೈಲುಗಳನ್ನೂ ಸೇರಿಸಲೇ ಅಂತ ಒಂದು ಟಿಕ್ ಇರುತ್ತದೆ. ಅದನ್ನು ತೆಗೆಯಬೇಡಿ. ಅದಿಲ್ಲದಿದ್ದರೆ ಆ ಪೆನ್‌ಡ್ರೈವಿನಿಂದ ವಿಂಡೋಸ್ ಮತ್ತೆ ಹಾಕಲು ಆಗುವುದಿಲ್ಲ. ಮುಂದೆ, ಮುಂದೆ ಅಂತ ಒತ್ತಿ. ಅಷ್ಟೇ. ನಿಧಾನ ಆಗುತ್ತದೆ, ಒಂದು ಗಂಟೆಗಿಂತ ಜಾಸ್ತಿಯೂ ಆಗಬಹುದು. ನಡುವೆ ಕೀಳಬೇಡಿ. ವರ್ಷಕ್ಕೊಮ್ಮೆ ಮತ್ತೆ ಮಾಡಿದರೆ ಇನ್ನೂ ಒಳ್ಳೆಯದು.

ಒಂದು ಎಚ್ಚರಿಕೆ. ಆ ಪೆನ್‌ಡ್ರೈವಿನಲ್ಲಿ ನಿಮ್ಮ ಫೋಟೊ ಇರುವುದಿಲ್ಲ. ನಿಮ್ಮ ಪತ್ರ, ಲೆಕ್ಕ, ಯಾವುದೂ ಇರುವುದಿಲ್ಲ. ಅದು ವಿಂಡೋಸ್ ಮಾತ್ರ. ಅದರಿಂದ ಮತ್ತೆ ಹಾಕಿದರೆ ಲ್ಯಾಪ್‌ಟಾಪಿನಲ್ಲಿ ಇದ್ದದ್ದೆಲ್ಲ ಹೋಗುತ್ತದೆ. ಫೋಟೊಗಳನ್ನು ಬೇರೆ ಡಿಸ್ಕಿಗೆ ಇಳಿಸಿಕೊಳ್ಳುವುದು ಬೇರೆ ಕೆಲಸ, ಅದನ್ನೂ ಮಾಡಿ.

ಇನ್ನು, ಕೆಟ್ಟೇ ಹೋಯಿತು ಅಂತ ಇಟ್ಟುಕೊಳ್ಳಿ. ತಕ್ಷಣ ಪೆನ್‌ಡ್ರೈವ್ ಚುಚ್ಚಬೇಡಿ. ಮೊದಲು ಒಳಗಿರುವುದನ್ನು ಕೇಳಿ ನೋಡಿ. ವಿಂಡೋಸ್ ಹೇಗೋ ಏಳುತ್ತದೆ ಅಂದರೆ ಶಿಫ್ಟ್ ಒತ್ತಿಕೊಂಡೇ ರೀಸ್ಟಾರ್ಟ್ ಕೊಡಿ. ನೀಲಿ ತೆರೆ ಬರುತ್ತದೆ. ಏಳುವುದೇ ಇಲ್ಲ ಅಂದರೆ, ಸತತ ಎರಡು ಮೂರು ಸಲ ಎಡವಿದ ಮೇಲೆ ಆ ನೀಲಿ ತೆರೆ ತಾನಾಗಿಯೇ ಬರುತ್ತದೆ. ಅದರಲ್ಲಿ ‘ಟ್ರಬಲ್‌ಶೂಟ್’, ಅದರೊಳಗೆ ‘ರೀಸೆಟ್ ದಿಸ್ ಪಿಸಿ’. ಅಲ್ಲಿ ‘ಕೀಪ್ ಮೈ ಫೈಲ್ಸ್’ ಆರಿಸಿಕೊಳ್ಳಿ. ನಿಮ್ಮ ಫೈಲುಗಳು ಉಳಿಯುತ್ತವೆ, ನೀವು ಹಾಕಿಕೊಂಡ ಸಾಫ್ಟ್‌ವೇರ್ ಹೋಗುತ್ತದೆ. ಆಮೇಲೆ ವಿಂಡೋಸನ್ನು ಒಳಗಿನಿಂದ ಹಾಕಲೋ ಇಂಟರ್‌ನೆಟ್ಟಿನಿಂದ ತರಲೋ ಅಂತ ಕೇಳುತ್ತದೆ. ಇಂಟರ್‌ನೆಟ್ಟಿನದು ಸುಮಾರು 4 ಜಿಬಿ. ಒಳಗಿನದೇ ಹಾಳಾಗಿದೆ ಅನ್ನುವ ಅನುಮಾನ ಇದ್ದರೆ ಅದನ್ನೇ ಆರಿಸಿ.

ಇಲ್ಲೊಂದು ಕಡೆ ತುಂಬಾ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ನೀಲಿ ತೆರೆಗೆ ಹೋದಾಗ ಅದು 48 ಅಂಕಿಯ ಒಂದು ಸಂಖ್ಯೆ ಕೇಳಬಹುದು. ಬಿಟ್‌ಲಾಕರ್ ರಿಕವರಿ ಕೀ ಅಂತ. ಬಿಟ್‌ಲಾಕರ್ ಅಂದರೆ ಡಿಸ್ಕಿನಲ್ಲಿರುವುದನ್ನು ಬೇರೆಯವರು ಓದದ ಹಾಗೆ ವಿಂಡೋಸ್ ಹಾಕುವ ಬೀಗ. ‘ನಾನು ಅಂಥದ್ದೇನೂ ಹಾಕೇ ಇಲ್ಲ’ ಅಂತ ಎಲ್ಲರೂ ಹೇಳುತ್ತಾರೆ. ನೀವು ಹಾಕಿಲ್ಲ. ಹೊಸ ಲ್ಯಾಪ್‌ಟಾಪುಗಳಲ್ಲಿ, ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಹೋದಾಗ ಅದೇ ಹಾಕಿಕೊಂಡಿರುತ್ತದೆ. ಆ ಸಂಖ್ಯೆ ನಿಮ್ಮ ಖಾತೆಯಲ್ಲೇ ಇರುತ್ತದೆ. ಇವತ್ತೇ ನೋಡಿ, ಒಂದು ಕಾಗದದಲ್ಲಿ ಬರೆದಿಡಿ. ಕಾಗದವನ್ನು ಲ್ಯಾಪ್‌ಟಾಪ್ ಚೀಲದಲ್ಲಿ ಇಡಬೇಡಿ, ಚೀಲ ಕಳೆದರೆ ಎರಡೂ ಹೋಗುತ್ತವೆ.

ಮ್ಯಾಕ್ ಇಟ್ಟುಕೊಂಡವರು ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ್ದೀರಿ. ನಿಮ್ಮದು ಸುಲಭ. ಆಪಲ್‌ನದೇ ಚಿಪ್ ಇದ್ದರೆ ಪವರ್ ಗುಂಡಿಯನ್ನು ಒತ್ತಿ ಹಿಡಿಯಿರಿ, ಹಳೆಯ ಇಂಟೆಲ್ ಮ್ಯಾಕ್ ಆದರೆ ಕಮಾಂಡ್ ಮತ್ತು ಆರ್ ಒಟ್ಟಿಗೆ. ಅಲ್ಲಿಂದ ಮುಂದಿನದು ತೆರೆಯ ಮೇಲೇ ಬರುತ್ತದೆ.

ಪೆನ್‌ಡ್ರೈವ್ ಮಾಡದೆಯೇ ಲ್ಯಾಪ್‌ಟಾಪ್ ಕೆಟ್ಟಿತು, ಈಗೇನು ಅಂತ ಯಾರೋ ಕೇಳುತ್ತಿದ್ದೀರಿ, ಗೊತ್ತು. ಗೆಳೆಯರ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್ ವೆಬ್‌ಸೈಟಿನಿಂದ ವಿಂಡೋಸನ್ನು ಪುಕ್ಕಟೆಯಾಗಿ ಇಳಿಸಿ, 8 ಜಿಬಿ ಪೆನ್‌ಡ್ರೈವಿಗೆ ಹಾಕಿಕೊಳ್ಳಬಹುದು. ಡೆಲ್, ಎಚ್‌ಪಿ, ಲೆನೊವೊ ತಮ್ಮ ಮಾದರಿಗಳಿಗೆ ಬೇಕಾದದ್ದನ್ನು ಬೇರೆಯಾಗಿಯೇ ಕೊಡುತ್ತವೆ. ಅದನ್ನು ತೆಗೆದುಕೊಂಡರೆ ಡ್ರೈವರುಗಳೂ ಜೊತೆಗೆ ಬರುತ್ತವೆ. ದಾರಿ ಇದೆ. ಆದರೆ ನನ್ನ ಹಾಗೆ ಗೆಳೆಯನ ಮನೆಗೆ ಓಡಾಡಬೇಕು. ಹೋಗುವಾಗ ಮಾದರಿ ಸಂಖ್ಯೆ ಬರೆದುಕೊಂಡು ಹೋಗಿ.

ಪೆನ್‌ಡ್ರೈವ್ ಆದ ಮೇಲೆ ಅದರ ಮೇಲೆ ಒಂದು ಚೀಟಿ ಅಂಟಿಸಿ. ಯಾವ ಲ್ಯಾಪ್‌ಟಾಪಿನದು, ಯಾವ ತಾರೀಖು, ಎರಡೇ ಸಾಲು. ಚೀಟಿ ಇಲ್ಲದ ಪೆನ್‌ಡ್ರೈವ್ ಖಾಲಿ ಸೈಟಿನ ಹಾಗೆ, ಮನೆಯಲ್ಲಿ ಯಾರೋ ಅದರಲ್ಲಿ ಹಾಡು ತುಂಬುತ್ತಾರೆ.

ಶುರು ಮಾಡುವ ಮುಂಚೆ ಚಾರ್ಜರ್ ಸಿಕ್ಕಿಸಿಕೊಳ್ಳಿ. ನಮಸ್ಕಾರ.